ಎದುರು ಪಕ್ಷದ ಮಾತು

ಬೀಗ ಎಷ್ಟು ಜಗ್ಗಿದರೂ ಬಿಚ್ಚಿಕೊಳ್ಳಲಿಲ್ಲ. ಹೆಡ್‌ಮಿಸ್ಸು ಕೀಲಿಯನ್ನು ಹೊರತೆಗೆದು, ಊದಿ, ಮತ್ತೆ ತೂರಿಸಿದರು.

"ಕೊಡಿ ಮೇಡಂ ಇಲ್ಲಿ," ಎಂದ ಶಾಲೆಯ ಜವಾನ. "ಹೋದ ವರ್ಷ ನೀವೇ ಹಾಕ್ಸಿದ ಬೀಗ. ಅಷ್ಟು ಸುಲಭಕ್ಕೆ ಬಗ್ಗತ್ತಾ?"

ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ, ಚುಚ್ಚಿದ್ದಂತೂ ನಿಜ. ಕೆಳಗೆ ಸಭಾಂಗಣದಲ್ಲಿ, ಚರ್ಚಾಕೂಟ ನಡೆಸಿ ಆ ಹೆಸರು ಗಳಿಸಿದ್ದ ತಕರಾರು ಮೇಷ್ಟ್ರ ಶವಪೆಟ್ಟಿಗೆ ಇತ್ತು. ಅವರ ಹಳೆಯ ವಿದ್ಯಾರ್ಥಿಗಳು ಒಂದು ಮನೆಯಲ್ಲಿ ಹಿಡಿಸುವಷ್ಟು ಮಂದಿಯೇ? ಅದಕ್ಕೇ ಶಾಲೆಯಲ್ಲೇ ಎಲ್ಲ ಆಗಲಿ ಎಂದಿದ್ದರು ಅವರ ಹೆಂಡತಿ, ಎಲ್ಲರ ಮೇಷ್ಟ್ರಮ್ಮ. ಈಗ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಖಾಲಿ ಬೆಂಚುಗಳು ಉಳಿದಿದ್ದು ಚರ್ಚಾಕೂಟದ ಈ ಕೋಣೆಯಲ್ಲಿ ಮಾತ್ರ. ಇದಕ್ಕೆ ಬೀಗ ಜಡಿಸಿದವರು ಹೆಡ್‌ಮಿಸ್ಸು, ಇದರಲ್ಲೇ ಮಾತು ಕಲಿತವರೂ ಅವರೇ. ಅಯ್ಯೋ, ಇದಕ್ಕಿಂತ ಇಕ್ಕಟ್ಟು ಬೇಕೆ!

ಅಂತೂ ಬಾಗಿಲು ತೆರೆಯಿತು. ಬೆಂಚು ಹೊರಲು ಬಂದವರಲ್ಲಿ ಅವರ ಜೊತೆ ಓದಿದ ಬೇಕರಿಯವನೂ ಇದ್ದ.

"ಇದು ನಿನ್ನ ಬೆಂಚು ಕಣೇ. ಭಯಕ್ಕೆ ಉಗುರಲ್ಲಿ ಕೆರೆದಿದ್ದೆಯಲ್ಲ, ಗೆರೆ ಇನ್ನೂ ಹಾಗೇ ಇದೆ ನೋಡು." ಆಮೇಲೆ ದನಿ ತಗ್ಗಿಸಿದ. "ಮೇಷ್ಟ್ರಮ್ಮ ಕರೀತಿದಾರೆ. ನೀನೇ ನಾಲ್ಕು ಮಾತು ಆಡ್ಬೇಕಂತೆ."

"ನಾನಾ? ಯಾವ ಮುಖ ಇಟ್ಕೊಂಡು ಆಡ್ಲಿ?"

*

ಆ ಬೆಂಚಿನ ಹುಡುಗಿ ಎಂಟನೇ ತರಗತಿಗೆ ಬಂದಾಗ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮೇಷ್ಟ್ರ ಕೂಟಕ್ಕೊಂದು ಕಟ್ಟಳೆ ಇತ್ತು. ಮೊದಲು ಎದುರಾಳಿಯ ಮಾತನ್ನು ನೀನು ಹೇಳಬೇಕು, ಅವನಿಗಿಂತ ಚೆನ್ನಾಗಿ. ಹೌದು, ನನ್ನ ಮನಸ್ಸಿನಲ್ಲಿದ್ದದ್ದು ಇದೇ ಎನಿಸಿದರೆ ಅವನು ಬೆಂಚನ್ನು ಎರಡು ಸಲ ಕುಟ್ಟುತ್ತಾನೆ. ಕುಟ್ಟದಿದ್ದರೆ, "ಇನ್ನೊಂದ್ಸಲ." ಕುಟ್ಟಿದ ಮೇಲೆಯೇ ನಿನ್ನ ತಕರಾರು.

ಬೇಕರಿಯವನ ಎದುರು ನಿಂತಾಗ ಅವಳ ಉಗುರು ಬೆಂಚನ್ನು ಕೆರೆಯತೊಡಗಿತು. ಹಿಂದಿನ ಸಾಲು ಕಿಸಕ್ಕೆಂದಿತು. ಮೇಷ್ಟ್ರು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೂತು ಸೀಮೆಸುಣ್ಣದ ತುಂಡಿನಿಂದ ಕಿವಿ ಕೆರೆದುಕೊಂಡರು.

"ನಿನ್ನ ಮಾತು ಸದ್ಯಕ್ಕೆ ಬೇಡ. ಅವನದ್ದು ಹೇಳು. ಬೇರೆಯವರ ಮಾತು ಹೇಳೋಕೆ ಏನು ಭಯ?"

ಶಾಲೆ ಖಾಲಿಯಾಯಿತು, ಹೊರಗೆ ಬೆಳಕು ಕುಂದಿತು, ಅವರು ಕದಲಲಿಲ್ಲ. ಕೊನೆಗೆ ಅವಳು ಹೇಳಿಯೇ ಬಿಟ್ಟಳು. ಬೇಕರಿಯವನು ಬಿಟ್ಟ ಬಾಯಿ ಮುಚ್ಚದೆ ಬೆಂಚು ಕುಟ್ಟಿದ. ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಕಾಂಪೌಂಡ್ ಗೋಡೆಗಳ ಜೊತೆ ಮಾತಾಡಿದಳು.

*

ಅದೇ ಹುಡುಗಿ ಹೆಡ್‌ಮಿಸ್ಸಾದ ಮೇಲೆ, ನಿವೃತ್ತಿಯಾದರೂ ಸಂಜೆ ತಪ್ಪದೆ ಬರುತ್ತಿದ್ದ ಮೇಷ್ಟ್ರನ್ನು ತನ್ನ ಕೋಣೆಗೆ ಕರೆಸಿದಳು.

"ಇನ್ಮೇಲೆ ಸಂಜೆ ಎಲ್ಲರಿಗೂ ಪರೀಕ್ಷೆ ತಯಾರಿ, ಸರ್. ಫೇಲಾದ ಮಕ್ಕಳು ನೇರ ಕಾರ್ಖಾನೆಗೆ ಹೋಗ್ತವೆ. ಅವಕ್ಕೆ ಚರ್ಚೆ ಕಟ್ಕೊಂಡು ಏನಾಗ್ಬೇಕು?"

"ತಡಿ, ಮೊದಲು ನಿನ್ನ ಮಾತನ್ನ ನಾನು ಹೇಳ್ತೀನಿ..."

"ಆಟ ಸಾಕು, ಸರ್."

ಮೇಷ್ಟ್ರು ಛತ್ರಿ ತೆಗೆದುಕೊಂಡು ಎದ್ದು ಹೋದರು. ಮತ್ತೆ ಆ ಗೇಟು ದಾಟಿ ಬಂದಿದ್ದು ಇವತ್ತೇ, ನಾಲ್ಕು ಜನರ ಹೆಗಲ ಮೇಲೆ.

*

ಮೇಷ್ಟ್ರಮ್ಮ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದರು. ಹೆಡ್‌ಮಿಸ್ಸು ಬಗ್ಗಿ, ಬೇರೆ ಯಾರಿಗೂ ಕೇಳಿಸದಂತೆ ಕೇಳಿದರು.

"ಅಮ್ಮ, ನನ್ನ ಮೇಲೆ ಸಿಟ್ಟಿಟ್ಕೊಂಡೇ ಹೋದ್ರಾ?"

"ಒಂದೆರಡು ದಿನ ಉರೀತಿದ್ರು ಬಿಡು. ಆಮೇಲೆ ನನ್ನ ಪ್ರಾಣ ತಿಂದ್ರು ನೋಡು! ಊಟಕ್ಕೆ ಕೂತ್ರೆ ಸಾಕು, ನಿನ್ನ ವಕಾಲತ್ತು. 'ಮನೇಲಿ ಓದೋಕೆ ಮೂಲೆ ಇಲ್ಲದ ಮಗುಗೆ ದೀಪ ಇರೋ ಒಂದು ಕೋಣೆ ಸಿಕ್ಕಿದ್ರೆ ಪಾಸಾಗತ್ತೆ, ಅವಳು ಹೇಳಿದ್ದು ಅದನ್ನೇ ಕಣೇ' ಅಂತ. ನಾನು ಮೇಜು ಕುಟ್ಟೋವರೆಗೂ ತಟ್ಟೆಗೆ ಕೈ ಹಾಕ್ತಿರಲಿಲ್ಲ. 'ಅವಳೆದುರು ಹೇಳ್ತೀನಿ, ಕುಟ್ತಾಳೋ ಇಲ್ವೋ ನೋಡೋಣ' ಅಂತಿದ್ರು. ಹಾಳು ಮಂಡಿ ನೋವು ಬಿಡಲಿಲ್ಲ."

ಹೆಡ್‌ಮಿಸ್ಸು ತಮ್ಮನ್ನೇ ಕೇಳಿಕೊಂಡರು. ಅವರಿಗೆ ಮಂಡಿ ನೋವು ಸರಿ, ತನಗೇನಾಗಿತ್ತು ಧಾಡಿ? ಅವರ ಮನೆ ಎರಡೇ ಬೀದಿ ದೂರ.

"ಅವರ ಸರದಿ ಮುಗೀತು," ಎಂದರು ಮೇಷ್ಟ್ರಮ್ಮ. "ಈಗ ನೀನು ಅವರದ್ದು ಹೇಳು."

ಹೆಡ್‌ಮಿಸ್ಸು ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ವಿದ್ಯಾರ್ಥಿಗಳ ಸರ್ವತೋಮುಖ ಬೆಳವಣಿಗೆಗೆ ಪಠ್ಯೇತರ ಚಟುವಟಿಕೆಗಳು ಅತ್ಯಗತ್ಯ ಎಂದು ನಮ್ಮ ಗುರುಗಳು ನಂಬಿದ್ದರು..."

"ಇನ್ನೊಂದ್ಸಲ," ಎಂದರು ಮೇಷ್ಟ್ರಮ್ಮ.

ಯಾರೋ ಪಕ್ಕನೆ ನಕ್ಕರು. ಬೇಕರಿಯವನು, ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದ. ಹೆಡ್‌ಮಿಸ್ಸಿನ ಉಗುರು ಕೈಯಲ್ಲಿದ್ದದ್ದನ್ನು ಕೆರೆಯತೊಡಗಿತು, ಥೇಟ್ ಅವತ್ತಿನ ಹಾಗೆ. ಯಾರೂ ಅವಸರ ಮಾಡಲಿಲ್ಲ. ಆ ಬೆಂಚುಗಳ ಮೇಲೆ ಕೂತವರಿಗೆ ಕಾಯುವುದು ಹೊಸದಲ್ಲ. ಬೀಗ ಇನ್ನೂ ತಮ್ಮ ಕೈಯಲ್ಲೇ ಇರುವುದು ಹೆಡ್‌ಮಿಸ್ಸಿನ ಗಮನಕ್ಕೆ ಆಗ ಬಂತು. ಜವಾನನನ್ನು ಹತ್ತಿರ ಕರೆದು ಕೊಟ್ಟರು.

"ಇದು ಸೈಕಲ್ ಶೆಡ್ಡಿಗಾಗತ್ತೆ, ಇಟ್ಕೊಳಪ್ಪ."

ಆಮೇಲೆ ಪೆಟ್ಟಿಗೆಯ ಕಡೆ ತಿರುಗಿ, ಮೇಷ್ಟ್ರೇ ಆಡುವ ಹಾಗೆ ಶುರು ಮಾಡಿದರು.

"ಮಕ್ಕಳು ಪಾಸಾಗ್ಲಿ, ಯಾರು ಬೇಡ ಅಂದ್ರು? ಕಾರ್ಖಾನೆಗೇ ಹೋಗ್ಲಿ. ಅಲ್ಲಿ ಮೇಸ್ತ್ರಿ ಗದರಿದಾಗ ಬಾಯಿ ಬೇಕು. ಮನೇಲಿ ಜಗಳ ಆದಾಗ ಕಿವಿ ಬೇಕು. ಅದನ್ನ ಯಾವ ಪರೀಕ್ಷೆನೂ ಕೇಳಲ್ಲ, ಅದಕ್ಕೇ ಶಾಲೆ ಕಲಿಸ್ಬೇಕು. ಒಂದು ಹುಡುಗಿ ಇದ್ಳು, ಬಾಯೇ ಬಿಡ್ತಿರಲಿಲ್ಲ. ಕತ್ತಲಾಗೋವರೆಗೂ ಅವಳಿಗೋಸ್ಕರ ಕಾದೆ. ದೊಡ್ಡ ಕುರ್ಚಿ ಮೇಲೆ ಕೂರ್ಲಿ ಅಂತಲ್ಲ. ಒಂದಿನ ನನ್ನ ಜೊತೇನೇ ತಕರಾರು ಮಾಡ್ಲಿ ಅಂತ. ಮಾಡಿದ್ಳು, ಸಂತೋಷ. ನನ್ನ ಸರದಿ ಕೊಡಲಿಲ್ಲ, ಅಷ್ಟೇ."

ಅಲ್ಲಿಗೆ ನಿಲ್ಲಿಸಿದರು. ಬೆಂಚುಗಳ ಮೇಲೆ ಎಷ್ಟೋ ಕೈಗಳು ಬೆರಳು ಮಡಚಿ ಸಿದ್ಧವಾಗಿದ್ದವು, ಆದರೆ ಒಂದೂ ಕುಟ್ಟಲಿಲ್ಲ. ಕುಟ್ಟಬೇಕಾದವರು ಅವರಲ್ಲ.

ಮೇಷ್ಟ್ರಮ್ಮ ಕುರ್ಚಿಯ ತೋಳು ಹಿಡಿದು ನಿಧಾನಕ್ಕೆ ಎದ್ದರು. ಬಗ್ಗಿ, ಬೆರಳು ಮಡಚಿ, ಪೆಟ್ಟಿಗೆಯ ಮುಚ್ಚಳವನ್ನು ಎರಡು ಸಲ ಕುಟ್ಟಿದರು.