ಕೂಸಿಗೆ ಎರೆದ ನೀರು

ನಮ್ಮ ಆಯಿಗೆ ಬುದ್ಧಿ ಹೇಳುವುದೂ ಒಂದೇ, ಜಮಖಂಡಿಯ ಗುಡ್ಡಕ್ಕೆ ಹೇಳುವುದೂ ಒಂದೇ. ನಾನು ಬೀಳಗಿಯಲ್ಲಿ ಸರಕಾರಿ ಪಶುವೈದ್ಯೆ. ಅನಗವಾಡಿಯ ಹೊಳೆದಂಡೆಯ ಎಮ್ಮೆಗಳು ನನ್ನ ಮಾತು ಕೇಳುತ್ತವೆ, ಹೆತ್ತ ತಾಯಿ ತುಳಸಾಬಾಯಿ ಮಾತ್ರ ಕೇಳುವುದಿಲ್ಲ. ಆ ಶುಕ್ರವಾರ ಮನೆಯ ಆಕಳು ಚಂದ್ರಿ ಮೊದಲ ಸಲ ಈದಾಗ ನಾನು ಜಮಖಂಡಿಯಲ್ಲಿ ಇದ್ದಿದ್ದರೆ ಆಯಿಯ ಕೈಯನ್ನೇ ಹಿಡಿದು ನಿಲ್ಲಿಸುತ್ತಿದ್ದೆ.

ಮನೆಯಲ್ಲಿ ಎರಡು ತಿಂಗಳ ಕೂಸಿತ್ತು, ನನ್ನ ತಮ್ಮ ಅಜಿತನ ಮಗ. ಅವನ ಹೆಂಡತಿ ಪೂರ್ವಾಳಿಗೆ ತವರಿನಲ್ಲಿ ತಾಯಿ ಇಲ್ಲ, ಹಾಗಾಗಿ ಬಾಣಂತನ ನಮ್ಮಲ್ಲೇ. ದಿನಾ ಬೆಳಿಗ್ಗೆ ಹಂಡೆಗಟ್ಟಲೆ ನೀರು ಕಾಯಿಸಿ, ಕಡಲೆಹಿಟ್ಟು, ಅರಿಶಿಣ ಹಚ್ಚಿ ಕೂಸಿಗೆ ಎರೆಯುವುದು ಆಯಿಯ ಕೆಲಸ. ಅಂದೂ ಎರೆದು ಮುಗಿಸಿದ್ದಳು, ಹಂಡೆಯಲ್ಲಿ ಇನ್ನೂ ನೀರಿತ್ತು. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹೆಣ್ಣುಕರು ಬಿತ್ತು. ಶುಕ್ರವಾರ ಮನೆಗೆ ಬಂದ ಲಕ್ಷ್ಮಿಯನ್ನು ಲೋಳೆ, ಸೆಗಣಿಯಲ್ಲಿ ಬಿಡುವುದುಂಟೇ? ಚಂದ್ರಿ ತಿರುಗಿ ನೆಕ್ಕುವ ಮೊದಲೇ ಆಯಿ ಕರುವನ್ನು ಎಳೆದುಕೊಂಡು, ಉಳಿದ ಹಿಟ್ಟು ಅರಿಶಿಣ ಹಚ್ಚಿ, ಅದೇ ಬಿಸಿನೀರು ಎರೆದು, ಕೂಸಿನ ಬಟ್ಟೆಯಿಂದಲೇ ಒರೆಸಿ, ಕುಂಕುಮ ಇಟ್ಟು ಆರತಿ ಮಾಡಿದಳು. ಆಮೇಲೆ ತಾಯಿಯ ಮುಂದೆ ಬಿಟ್ಟಳು.

ಚಂದ್ರಿ ಕರುವನ್ನು ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ಒದೆಯಿತು.

ಅಜಿತ ಫೋನ್ ಮಾಡಿದ. ನಾನು ಗಾಡಿ ಓಡಿಸಿಕೊಂಡು ಬರುವಷ್ಟರಲ್ಲಿ ಕರು ಮೂಲೆಯಲ್ಲಿ ನಡುಗುತ್ತಿತ್ತು. ಹೊಟ್ಟೆಗೆ ಒಂದು ಹನಿ ಹೋಗಿರಲಿಲ್ಲ. ಆಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಚಂದ್ರಿಯನ್ನು ಝಾಡಿಸುತ್ತಿದ್ದಳು.

"ಹಡದ ಕೂಸಿನ್ನ ಒದೀತೀ? ನೀ ತಾಯೀನೋ, ಕಲ್ಲೋ? ಇಂಥಾ ತಾಯಿ ಮಾರಿ ನೋಡಬಾರದು!"

ಕೊಟ್ಟಿಗೆಯ ಬಾಗಿಲಲ್ಲಿ ಪೂರ್ವಾ ನಿಂತಿದ್ದಳು. ಬಸ್ ನಿಲ್ದಾಣದಲ್ಲಿ ಯಾರೋ 'ಇಷ್ಟು ನೋಡ್ಕೋರಿ' ಎಂದು ಕೊಟ್ಟುಹೋದ ಚೀಲದಂತೆ ಕೂಸನ್ನು ಹಿಡಿದುಕೊಂಡಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಆಯಿ, ತಪ್ಪು ಅದರದಲ್ಲ, ನಿಂದು," ಎಂದೆ. ಆಕಳು ತನ್ನ ಕರುವನ್ನು ಮೊದಲು ಗುರುತು ಹಿಡಿಯುವುದು ಮೂಗಿನಿಂದ. ಈಯುವ ಹೊತ್ತಿಗೆ ಅದರ ಮೈಯಲ್ಲಿ ಒಂದು ರಸ ಉಕ್ಕುತ್ತದೆ, ನಾವು ಹಾರ್ಮೋನು ಅನ್ನುತ್ತೇವೆ. ಗರ್ಭ ಹಿಂಡುವುದೂ ಅದೇ, ಹಾಲು ಇಳಿಸುವುದೂ ಅದೇ, ಹೊಸ ವಾಸನೆಯೊಂದನ್ನು 'ಇದು ನನ್ನದು' ಎಂದು ತಲೆಯೊಳಗೆ ಕೂರಿಸುವುದೂ ಅದೇ. ಆ ಸಮಯ ಬಹಳ ಹೊತ್ತು ಇರುವುದಿಲ್ಲ. ಅಷ್ಟರಲ್ಲಿ ಲೋಳೆ ನೆಕ್ಕಿದರೆ ಕರು ತನ್ನದು, ಇಲ್ಲದಿದ್ದರೆ ಯಾರದೋ.

"ಈಗ ಅದು ಮೂಸಿದ್ದು ನಿನ್ನ ಮೊಮ್ಮಗನ ವಾಸನಿ," ಎಂದೆ.

ಆಯಿಯ ಮುಖ ಸಣ್ಣದಾಯಿತು. ಚಂದ್ರಿಯಿಂದ ಆಗಷ್ಟೇ ಬಿದ್ದಿದ್ದ ಕಸದ, ಅಂದರೆ ಮಾಸಿನ, ನೀರನ್ನು ಕರುವಿನ ಬೆನ್ನಿಗೆ ಬಳಿದೆ, ಮೇಲೆ ಮಹಾಲಿಂಗಪುರದ ಬೆಲ್ಲ ಪುಡಿಮಾಡಿ ತಿಕ್ಕಿದೆ. ಚಂದ್ರಿ ಬೆಲ್ಲವನ್ನೆಲ್ಲ ನೆಕ್ಕಿತು, ನೆಕ್ಕಿ ಮುಗಿಸಿ ಮತ್ತೆ ಒದೆಯಿತು. ಕೊನೆಗೆ ಹಿಂಗಾಲಿಗೆ ಹಗ್ಗ ಹಾಕಿ, ಕರುವಿನ ಬಾಯಿಗೆ ಮೊಲೆ ಹಿಡಿದು ಗಿಣ್ಣದ ಹಾಲು ಕುಡಿಸಿದೆವು.

"ಇಷ್ಟ ಮಾಡಿದ್ರೂ ಒಲ್ಲೆ ಅಂತದಲ್ಲ, ಮನಸಿಲ್ಲದ್ದು," ಎಂದು ಆಯಿ ಮತ್ತೆ ಶುರುಮಾಡಿದಳು.

"ಅದನ್ನ ಬೈಬ್ಯಾಡ್ರಿ, ಅತ್ಯಾ," ಎಂದಳು ಪೂರ್ವಾ. "ಬೈಯೂದಿದ್ರ ನನ್ನ ಬೈರಿ."

ನಾವಿಬ್ಬರೂ ತಿರುಗಿ ನೋಡಿದೆವು.

ಅವಳ ಹೆರಿಗೆ ದಿನ ತುಂಬುವ ಮೊದಲೇ, ಆಪರೇಶನ್ ಮಾಡಿ ಆಗಿತ್ತು. ಕೂಸನ್ನು ಮುಖ ತೋರಿಸದೆ ಗಾಜಿನ ಪೆಟ್ಟಿಗೆಗೆ ಒಯ್ದಿದ್ದರು. ಜೀವ ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ.

"ಮನಿಗೆ ತಂದು ಉಡಿಯಾಗ ಹಾಕಿದಾಗ, ಯಾರದೋ ಕೂಸು ಕೊಟ್ಟಾರ ಅನಿಸ್ತು. ಇವತ್ತಿಗೂ ಹಂಗ ಅನಿಸ್ತದ. ಹಾಲು ಕುಡಸ್ತೇನಿ. ನೀವೆಲ್ಲಾ ನೋಡ್ತೀರಿ ಅಂತ ಮುದ್ದೂ ಮಾಡ್ತೇನಿ. ಒಳಗ ಏನೂ ಆಗೂದಿಲ್ಲ." ಅವಳು ನನ್ನ ಕಡೆ ತಿರುಗಿದಳು. "ಒಂದಿನ ಇವನ್ನ ಎಲ್ಲೋ ಬಿಟ್ಟು ಬಂದಬಿಡ್ತೇನೇನೋ ಅಂತ ಹೆದರಿಕಿ ಆಗ್ತದ, ಅಕ್ಕಾ."

ಅಷ್ಟು ಹೊತ್ತು ಭಾಷಣ ಬಿಗಿದ ನಾನು ಎದ್ದು ಅವಳ ಹತ್ತಿರ ಹೋದೆ. ಮನುಷ್ಯರ ವಿಷಯ ಆಕಳಿನಷ್ಟು ನೇರ ಇಲ್ಲ, ಹಡೆದ ಮೇಲೆ ಮೈಯ ರಸಗಳು ಧಡಾರನೆ ಇಳಿಯುತ್ತವೆ, ಎಷ್ಟೋ ಹೆಂಗಸರ ಮನಸ್ಸೂ ಅವುಗಳ ಜೊತೆ ಕುಸಿಯುತ್ತದೆ, ಇದು ಬೇನೆ, ಇದಕ್ಕೆ ಮದ್ದಿದೆ ಎಂದು ಹೇಗೋ ಹೇಳಿದೆ. ಪೂರ್ವಾ ನೆಲ ನೋಡುತ್ತಿದ್ದಳು. ನನ್ನ ಮಾತಿಗಿಂತ ಅತ್ತೆಯ ಮಾತು ಬೇಕಾಗಿತ್ತು ಅವಳಿಗೆ.

ಆಯಿ ಸೆಗಣಿ ಕೈ ತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡಳು.

"ಇವತ್ತಿನಿಂದ ಮುದ್ದು ಮಾಡೂ ನಾಟಕ ಬ್ಯಾಡ," ಎಂದಳು. "ಮನಸು ಬಂದಾಗ ಮಾಡೀಯಂತ. ಬರದಿದ್ರೂ ಇಂವ ಅನಾಥ ಆಗೂದಿಲ್ಲ, ನಾ ಇದ್ದೇನಿ. ನೀ ಮೊದಲ ಆರಾಮ ಆಗು."

ಅಂದಿನಿಂದ ಆಯಿ ಚಂದ್ರಿಯನ್ನು ಬೈದದ್ದನ್ನು ನಾನು ಕೇಳಿಲ್ಲ. ಕಾಲು ಕಟ್ಟಿ ಕುಡಿಸುವುದನ್ನು ಮಾತ್ರ ಬಿಡಲಿಲ್ಲ. ತನ್ನ ಹಾಲು ಕರುವಿನ ಹೊಟ್ಟೆಗಿಳಿದು ಸೆಗಣಿಯಾಗಿ ಬಂದರೆ ಆ ವಾಸನೆಯಲ್ಲಿ ಆಕಳು ತನ್ನದೇ ಗುರುತು ಕಾಣುವುದುಂಟು. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಚಂದ್ರಿ ಕರುವಿನ ಬಾಲದ ಕೆಳಗೆ ಮೂಸಿ, ಅಲ್ಲಿಂದ ಕುತ್ತಿಗೆಯವರೆಗೂ ನೆಕ್ಕಿತು. ಆಯಿ ಫೋನಿನಲ್ಲಿ ಹಿಗ್ಗಿ ಹೇಳಿ, ಆಮೇಲೆ ದನಿ ತಗ್ಗಿಸಿದಳು: "ಪೂರ್ವಾಗ ಹೇಳಿಲ್ಲ." ಆದರೆ ಪೂರ್ವಾ ಕಿಟಕಿಯಿಂದ ಎಲ್ಲ ನೋಡಿದ್ದಳಂತೆ. "ಅದರದು ಆತು," ಎಂದಷ್ಟೇ ಅಂದು ಒಳಗೆ ಹೋಗಿ ಮಲಗಿದಳಂತೆ.

ಬಾಗಲಕೋಟೆಯ ಮನೋವೈದ್ಯರ ಹತ್ತಿರ ಪೂರ್ವಾಳನ್ನು ಅಜಿತನೇ ಕರೆದುಕೊಂಡು ಹೋಗಿ ಬರುತ್ತಿದ್ದ. ಗುಳಿಗೆ ನುಂಗುತ್ತಿದ್ದಳು. ಒಂದು ದಿನ ತಲೆ ಬಾಚಿಕೊಂಡು ಕಟ್ಟೆಗೆ ಬಂದು ಕೂತರೆ ಮರುದಿನ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಹೀಗೇ ಒಂದು ತಿಂಗಳ ಮೇಲಾಯಿತು.

ಕೂಸಿನ ಚುಚ್ಚುಮದ್ದಿನ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ದವಾಖಾನೆ ತುಂಬ ತಾಯಂದಿರು. ಪೂರ್ವಾ ಬಾಗಿಲಲ್ಲೇ ನಿಂತು, "ನಾ ಒಳಗ ಬರೂದಿಲ್ಲ," ಎಂದಳು. ಆಯಿ ಒತ್ತಾಯಿಸದೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಾವಿಬ್ಬರೂ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತೆವು. ಒಳಗೆ ಒಂದರ ಹಿಂದೆ ಒಂದು ಕೂಸು ಕಿರುಚುತ್ತಿತ್ತು. ಪೂರ್ವಾ ತಾನು ಕಲಿಸುವ ರಬಕವಿಯ ಶಾಲೆಯ ಸುದ್ದಿ ಹೇಳುತ್ತಿದ್ದಳು, ಯಾವ ಅಳುವಿಗೂ ತಲೆ ಎತ್ತಲಿಲ್ಲ. ನನಗೂ ಎಲ್ಲ ಒಂದೇ ಥರ ಕೇಳುತ್ತಿತ್ತು.

ಒಳಗೆ ಮತ್ತೊಂದು ಅಳು ಎದ್ದಿತು, ಮಾತಿನ ನಡುವೆ ಅವಳು ಎದ್ದು ನಿಂತಳು. ಕುತ್ತಿಗೆ ದವಾಖಾನೆಯ ಕಡೆ ಹೊರಳಿತು. "ಏನಾತು?" ಎಂದೆ. ಚಪ್ಪಲಿಯನ್ನು ಅಲ್ಲೇ ಬಿಟ್ಟು, ಸಾಲಿನಲ್ಲಿ ನಿಂತವರನ್ನು ಸರಿಸಿಕೊಂಡು ಒಳಗೆ ಓಡಿದಳು. ನಾನು ಹಿಂದೆ ಓಡಿದೆ. ನರ್ಸಮ್ಮ ಹತ್ತಿಯನ್ನು ಕೂಸಿನ ತೊಡೆಗೆ ಒತ್ತಿ ಹಿಡಿದಿದ್ದರು, ಆಯಿ ರಮಿಸುತ್ತಿದ್ದಳು.

"ಕೊಡ್ರಿ ಇಲ್ಲೆ. ನನ್ನ ಕೂಸು ಅದು," ಎಂದು ಪೂರ್ವಾ ಕಸಿದುಕೊಂಡು ಎದೆಗೆ ಒತ್ತಿಕೊಂಡಳು. ತಿಂಗಳುಗಟ್ಟಲೆ ದನಿ ಏರಿಸದವಳು, ಯಾವ ತಪ್ಪೂ ಮಾಡದ ನರ್ಸಮ್ಮನ ಮೇಲೆ ಹರಿಹಾಯ್ದಳು: "ಮೆತ್ತಗ ಚುಚ್ಚಲಿಕ್ಕೆ ಬರೂದಿಲ್ಲೇನ್ರಿ ನಿಮಗ?"

ನರ್ಸಮ್ಮ ಬೆರಗಾಗಿ ಆಯಿಯ ಕಡೆ ನೋಡಿದರು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ನಮ್ಮ ಆಯಿ, ಸೆರಗು ಬಾಯಿಗೆ ಒತ್ತಿಕೊಂಡು ಅಷ್ಟು ಜನರ ಮುಂದೆ ಅಳುತ್ತಾ ನಿಂತಿದ್ದಳು.