ಗಾಜಿನ ಮೇಲಿನ ಹುಳ

"ಬೇಗ ಬಾರೇ, ಆ ಕಡೆ ತುದಿ ಹಿಡ್ಕೊ," ಎಂದು ಅಮ್ಮ ಪಿಸುಗುಟ್ಟಿದಳು. ಅವಳ ಕೈಯಲ್ಲಿ ಮಂಚದಿಂದ ಎಳೆದು ತಂದ ಹೂವಿನ ಹೊದಿಕೆ. ಮೆಟ್ಟಿಲ ಮೇಲೆ ಯಾರದೋ ಚಪ್ಪಲಿಯ ಸದ್ದು ಕೇಳುತ್ತಿತ್ತು. ಮಗಳು ಕೈ ಕಟ್ಟಿಕೊಂಡು ನಿಂತೇ ಇದ್ದಳು. ಅಮ್ಮ ಒಬ್ಬಳೇ ಸ್ಟೂಲು ಹತ್ತಿ, ಅಕ್ವೇರಿಯಂ ಮೇಲೆ ಹೊದಿಕೆ ಹರವಿ, ಜ್ವರ ಬಂದ ಮಗುವಿಗೆ ಮಾಡುವ ಹಾಗೆ ಅಂಚುಗಳನ್ನೆಲ್ಲ ಒತ್ತಿ ಇಳಿದಳು.

ಬಂದವಳು ದರ್ಜಿಯ ಹೆಂಡತಿ, ಕೂದಲ ತುದಿ ಕತ್ತರಿಸಿಕೊಳ್ಳಲು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು, "ಇದ್ಯಾಕೆ ಮುಚ್ಚಿಟ್ಟಿದೀರಾ?"

"ಮೀನಿಗೆ ಕಣ್ಣು ನೋವು," ಎಂದಳು ಅಮ್ಮ, ಒಂದು ಚೂರೂ ತಡವರಿಸದೆ. "ಬೆಳಕು ಆಗಲ್ಲ ಅದಕ್ಕೆ."

ಆ ಪಾರ್ಲರಿನಲ್ಲಿ ಎರಡು ಕುರ್ಚಿ, ತಲೆ ತೊಳೆಯುವ ಒಂದು ಬೇಸಿನ್ನು, ಬೀದಿಗೆ ತೆರೆದ ದೊಡ್ಡ ಕಿಟಕಿ. ಕಿಟಕಿಯ ಪಕ್ಕದಲ್ಲೇ ಉಪ್ಪುನೀರಿನ ಆ ತೊಟ್ಟಿ. ಮಗಳು ಬೆರಳುದ್ದದ ಹವಳದ ತುಂಡುಗಳನ್ನು ತಂದು, ಕಲ್ಲಿಗೆ ಅಂಟಿಸಿ, ನೀರಿನ ಉಪ್ಪು, ಬಿಸಿ, ಬೆಳಕು ಎಲ್ಲ ನೋಡಿಕೊಂಡು ಒಂದು ಪುಟ್ಟ ತೋಟವನ್ನೇ ಬೆಳೆಸಿದ್ದಳು. ತಲೆಗೆ ಬಣ್ಣ ಹಚ್ಚಿಕೊಂಡು ಕಾಯುವ ಹೆಂಗಸರು ಅದನ್ನು ನೋಡುತ್ತ ಕಾದದ್ದೇ ಮರೆಯುತ್ತಿದ್ದರು.

ಹುಳ ಬಂದದ್ದು ಹೊಸದೊಂದು ಹವಳದ ಜೊತೆ. ಎಳ್ಳುಕಾಳಿನಷ್ಟು ಗಾತ್ರ, ತುಕ್ಕಿನ ಬಣ್ಣ, ಎಲೆಯಂತೆ ಚಪ್ಪಟೆ. ಮೊದಲು ಮೂಲೆಯಲ್ಲಿ ಅಲ್ಲೊಂದು ಇಲ್ಲೊಂದು ಕಂಡವು. ಆಮೇಲೆ ಯಾರೋ ಗಾಜಿಗೆ ಇಟ್ಟಿಗೆ ಪುಡಿ ಎರಚಿದ ಹಾಗೆ ಹಬ್ಬಿದವು. ಹವಳದ ಮೇಲೆ ಪದರವಾಗಿ ಕೂತು ಬೆಳಕು ಬೀಳದಂತೆ ಮಾಡಿದವು. ಅಡಿಯಲ್ಲಿದ್ದದ್ದು ಮುದುಡಿ ಬೆಳ್ಳಗಾಯಿತು. ಅಷ್ಟರಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಬ್ಯಾಂಕಿನ ಮೇಡಂ ಒಬ್ಬರು ಗಾಜಿನತ್ತ ಬಗ್ಗಿ ನೋಡಿ "ಅಯ್ಯೋ ಹುಳ!" ಎಂದು ಚೀರಿ ಎದ್ದು ಹೋದರು. ಆ ಪಾರ್ಲರಿನ ನೀರಲ್ಲಿ ಹುಳ ಇದೆ, ತಲೆಗೆ ಹತ್ತುತ್ತದೆ ಎಂದು ಬೀದಿಯಿಡೀ ಸುದ್ದಿ. ತಲೆ ತೊಳೆಯುವ ನೀರೇ ಬೇರೆ, ತೊಟ್ಟಿಯ ನೀರೇ ಬೇರೆ ಅಂದರೆ ಕೇಳುವವರು ಯಾರು?

"ಎಲ್ಲ ತೆಗೆದು ಚೆಲ್ಲಿಬಿಡು," ಅಂದಿದ್ದಳು ಅಮ್ಮ. ಅಕ್ವೇರಿಯಂ ಅಂಗಡಿಯವನೂ ಫೋನಿನಲ್ಲಿ ಅದನ್ನೇ ಹೇಳಿದ್ದ: "ಬಿಸಾಕಿ ಹೊಸದಾಗಿ ಶುರು ಮಾಡಿ ಅಕ್ಕ. ಔಷಧಿ ಹಾಕಿದ್ರೆ ಹುಳ ಸಾಯ್ತಾ ಸಾಯ್ತಾ ವಿಷ ಬಿಡ್ತವೆ. ಮೀನೂ ಹೋಗ್ತವೆ."

"ಔಷಧಿ ಇದೆ ತಾನೆ?" ಎಂದಿದ್ದಳು ಮಗಳು.

"ಇದೆ, ಆದ್ರೆ..."

"ತೆಗೆದಿಡಿ. ಬಂದೆ."

ಈಗ ದರ್ಜಿಯ ಹೆಂಡತಿ ಕನ್ನಡಿಯಲ್ಲೇ ಹೊದಿಕೆಯ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದಳು. ಕತ್ತರಿ ಆಡಿಸುತ್ತಿದ್ದ ಮಗಳಿಗೆ ತಾನು ಗಂಡನ ಮನೆ ಬಿಟ್ಟು ಬಂದ ವರ್ಷ ನೆನಪಾಯಿತು. "ರಜಕ್ಕೆ ಬಂದಿದಾಳೆ," ಎಂದು ಅಮ್ಮ ಕೇಳಿದವರಿಗೆಲ್ಲ ಹೇಳಿದ್ದಳು. ಯಾರಾದರೂ ಬಂದರೆ ಮಗಳನ್ನು ಒಳಕೋಣೆಗೆ ಅಟ್ಟಿ ಬಾಗಿಲು ಮುಂದೆ ಮಾಡುತ್ತಿದ್ದಳು. ಆಗ ಮಗಳು ತೆಪ್ಪಗೆ ಒಳಗೆ ಹೋಗಿ ಕೂತಿದ್ದಳು. ಆ ರಜ ನಾಲ್ಕು ವರ್ಷವಾದರೂ ಮುಗಿದಿರಲಿಲ್ಲ.

ಅವಳು ಕತ್ತರಿ ಕೆಳಗಿಟ್ಟಳು. ನೇರ ಹೋಗಿ ಹೊದಿಕೆಯನ್ನು ಒಂದೇ ಸಲಕ್ಕೆ ಎಳೆದು ಹಾಕಿದಳು.

"ಕಣ್ಣು ನೋವೂ ಇಲ್ಲ, ಮಣ್ಣೂ ಇಲ್ಲ. ಹುಳ ಬಿದ್ದಿದೆ. ನಾಳೆ ತೆಗೀತೀನಿ, ಇಲ್ಲೇ, ಎಲ್ಲರ ಮುಂದೆ. ನೋಡ್ಬೇಕು ಅನ್ನೋರು ಬರಲಿ. ನೀವೇ ಹೇಳಿಬಿಡಿ."

ಅಮ್ಮ ಹಣೆ ಹಣೆ ಚಚ್ಚಿಕೊಂಡಳು.

ಮರುದಿನ ಮಗಳು ಕಿಟಕಿಯ ಪರದೆ ಸರಿಸಿ, ಬಾಗಿಲಿಗೊಂದು ಕುರ್ಚಿ ಒತ್ತುಕೊಟ್ಟು ತೆರೆದಿಟ್ಟಳು. ಉಪ್ಪು ಬೆರೆಸಿದ ಹೊಸ ನೀರು ಬಕೆಟ್ಟುಗಳಲ್ಲಿ ಸಿದ್ಧವಾಗಿತ್ತು. ಪಂಪು ನಿಲ್ಲಿಸಿದಳು. ಸಣ್ಣ ಕೊಳವೆಯ ಒಂದು ತುದಿ ತೊಟ್ಟಿಗೆ ಬಿಟ್ಟು, ಇನ್ನೊಂದನ್ನು ಬಾಯಲ್ಲಿ ಹೀರಿ, ಮುಖ ಕಿವುಚಿ ಉಗಿದಳು. ಬಾಗಿಲಲ್ಲಿ ನಿಂತವರು ನಕ್ಕರು. ಅವಳೂ ನಕ್ಕಳು. ನೀರು ಹರಿಯತೊಡಗಿತು. ಬಕೆಟ್ಟಿನ ಬಾಯಿಗೆ ಕಟ್ಟಿದ ಹಳೆಯ ಕಾಲುಚೀಲದಲ್ಲಿ ಹುಳಗಳು ಕೆಂಪಗೆ ಗುಪ್ಪೆಯಾದವು. ಸಾಯುವ ಮುಂಚೆ ಎಷ್ಟು ಹೊರಗೆ ಬಂದರೆ ನೀರಿಗೆ ಅಷ್ಟು ಕಡಿಮೆ ವಿಷ ಎಂದು ಅವಳಿಗೆ ಗೊತ್ತಿತ್ತು. ಒಂದು ಕಲ್ಲನ್ನೂ, ಒಂದು ಸಂದನ್ನೂ ಬಿಡಲಿಲ್ಲ. ಮಧ್ಯಾಹ್ನದವರೆಗೂ ಬೆನ್ನು ನೆಟ್ಟಗೆ ಮಾಡಲಿಲ್ಲ.

ಜನ ಬಂದರು, ಹೋದರು. ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬ್ಯಾಂಕಿನ ಮೇಡಂ ಕೂಡ ಬಂದು ನಿಂತರು. ಅಮ್ಮ ಮಾತ್ರ ಹಿಂದಿನ ಗೋಡೆಗೆ ಮುಖ ಮಾಡಿ, ಮಡಿಸಿದ್ದ ಟವೆಲ್ಲುಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಮಗಳು ಪಂಪು ಹಾಕಿ ಔಷಧಿಯನ್ನು ಹನಿಹನಿಯಾಗಿ ಬಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಣ್ಣಿಗೆ ಬೀಳದೆ ಉಳಿದಿದ್ದ ಹುಳಗಳೆಲ್ಲ ಸುರುಳಿಸುತ್ತಿ, ಹಿಡಿತ ಬಿಟ್ಟು, ತುಕ್ಕಿನ ಚಕ್ಕೆಗಳಂತೆ ನೀರಿನಲ್ಲಿ ತೇಲಿದವು. ಎಷ್ಟೊಂದು! ಇಷ್ಟು ಉಳಿದಿರುತ್ತವೆಂದು ಅವಳು ಎಣಿಸಿರಲಿಲ್ಲ. ಸಣ್ಣ ನೀಲಿ ಮೀನು ಗಿರಗಿರ ಸುತ್ತಿ ತಳಕ್ಕೆ ಬಿತ್ತು. ಹಳದಿ ಮೀನು ವಾಲಿಕೊಂಡು ಬಾಯಿ ಬಾಯಿ ಬಿಡತೊಡಗಿತು.

"ಅಮ್ಮಾ! ಬಕೆಟ್!"

ಟವೆಲ್ಲು ಎಲ್ಲಿ ಬಿತ್ತೋ. ಅಮ್ಮ ಓಡಿ ಬಂದಳು. ಮಗಳು ಕೊಳವೆಯಲ್ಲಿ ಕೊಳೆನೀರು ಇಳಿಸುತ್ತಿದ್ದಂತೆ ಅಮ್ಮ ಹೊಸ ನೀರು ಸುರಿದಳು. ಮಗಳು ವಿಷ ಹೀರುವ ಇದ್ದಿಲಿನ ಚೀಲವನ್ನು ಕೈಗಿಟ್ಟು, "ಪಂಪಿನ ಮುಂದೆ ಹಿಡ್ಕೊ, ಬಿಡ್ಬೇಡ," ಎಂದಾಗ ಅಮ್ಮ ಸೀರೆ ಒದ್ದೆಯಾಗುವುದನ್ನೂ ನೋಡದೆ ಭುಜದವರೆಗೆ ಕೈ ಇಳಿಬಿಟ್ಟಳು.

"ಅಲ್ಲಾ," ಎಂದರು ಬ್ಯಾಂಕಿನ ಮೇಡಂ ಬಾಗಿಲಿಂದಲೇ, ಎಳೆದೆಳೆದು, "ಇದೆಲ್ಲ ಮಗಳು ಹೋದಮೇಲೆ ಯಾರು ನೋಡ್ಕೋತಾರೆ? ಅವರ ರಜ ಮುಗಿಯೋದು ಯಾವಾಗ?"

ಮಗಳ ಕೈಯಲ್ಲಿದ್ದ ತುದಿ ಬಕೆಟ್ಟಿನಿಂದ ಆಚೆ ಸರಿಯಿತು. ಕೊಳವೆಯ ನೀರು ನೆಲಕ್ಕೆ ಚೆಲ್ಲಿತು.

"ಅವಳು ಎಲ್ಲಿಗೂ ಹೋಗಲ್ಲ," ಎಂದಳು ಅಮ್ಮ. ಕಣ್ಣು ಹಳದಿ ಮೀನಿನ ಮೇಲೇ ಇತ್ತು. "ಗಂಡನ್ನ ಬಿಟ್ಟು ಬಂದಿದಾಳೆ. ನಾಲ್ಕು ವರ್ಷ ಆಯ್ತು. ಸುಮ್ನೆ ನಿಂತಿದೀರಲ್ಲ, ಆ ಬಕೆಟ್ ಸ್ವಲ್ಪ ಈ ಕಡೆ ತಳ್ಳಿ."

ಮೇಡಂ ಒಂದು ಕ್ಷಣ ಪಿಳಿಪಿಳಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಬಂದು, ಎರಡೂ ಕೈಯಲ್ಲಿ ಬಕೆಟ್ ತಳ್ಳಿದರು.

ನೀಲಿ ಮೀನು ಉಳಿಯಲಿಲ್ಲ. ಅಂಚಿನ ಎರಡು ಹವಳಗಳೂ ಹೋದವು. ಹಳದಿಯದು ಮಾತ್ರ ಮೆಲ್ಲಗೆ ನೆಟ್ಟಗಾಗಿ ಕಲ್ಲಿನ ಮರೆಗೆ ಸೇರಿಕೊಂಡಿತು. ಸಂಜೆಯ ಹೊತ್ತಿಗೆ ಗಾಜು ತಿಳಿಯಾಗಿತ್ತು, ಜನ ಚದುರಿದ್ದರು.

"ಪೂರ್ತಿ ಹೋಗಿರಲ್ಲಮ್ಮ," ಎಂದಳು ಮಗಳು ನೆಲ ಒರೆಸುತ್ತ. "ಎಲ್ಲೋ ಸಂದೀಲಿ ಉಳಿದಿರ್ತವೆ. ಮುಂದಿನ ವಾರ ಇನ್ನೊಂದ್ಸಲ ಮಾಡ್ಬೇಕು."

"ಮಾಡೋಣ. ಬೆಳಿಗ್ಗೆ ಬೇಗ ಶುರು ಮಾಡೋಣ," ಎಂದಳು ಅಮ್ಮ.

ಗಿರಾಕಿಗಳ ಕುರ್ಚಿಯಲ್ಲಿ ಮೊದಲ ಸಲ ಬೆನ್ನು ಒರಗಿಸಿ ಕೂತಿದ್ದಳು. ತೋಳಿನ ಮೇಲೆ ಉಪ್ಪು ಒಣಗಿ ಬೆಳ್ಳಗೆ ಗೆರೆ ಕಟ್ಟಿತ್ತು. ಒಂದು ಬೆರಳಿನಿಂದ ಅದನ್ನು ಮೆಲ್ಲಗೆ ಸವರಿ ನಾಲಗೆಗೆ ಇಟ್ಟು ನೋಡಿದಳು.