ಬೆಲ್ಲ ಕಟ್ಟಿದ ಹಾಳೆ

ಪಕ್ಕದಲ್ಲಿ ಯಾರೋ ಪೇಪರ್ ಮಗುಚಿದರು, ಹಾಳೆಯ ಗಾಳಿ ಸುಹರಾಳ ಕೆನ್ನೆಗೆ ತಾಗಿತು, ಇಷ್ಟು ಬೇಗ ಮಗುಚುವವರು ಓದುವವರಲ್ಲ, ಚಿತ್ರ ನೋಡುವವರು — ದರ್ಬೆಯ ಈ ಕಣ್ಣಿನ ಆಸ್ಪತ್ರೆಯ ಬೆಂಚು ತಣ್ಣಗಿದೆ, ಎಡಗಣ್ಣಿನ ಮೇಲೆ ನಿನ್ನೆ ಆಪರೇಷನ್ ಆದಮೇಲೆ ಅಂಟಿಸಿದ ಪಟ್ಟಿ, ಬಲಗಣ್ಣು ಹೋಗಿಯೇ ಏಳು ವರ್ಷವಾಯಿತು, ಈಗ ಲೋಕವೆಂದರೆ ಬರೀ ಸದ್ದು, ಔಷಧಿಯ ವಾಸನೆ, ಮಗಳು ಆಯಿಶತ್ ಶಿಫಾಳ ಬೆವರಿದ ಅಂಗೈ. ಹೆದರ್ಬೇಡಿ ಉಮ್ಮ, ಈಗ ಕರೀತಾರೆ. ಹೆದರಿಕೆ ಯಾತಕ್ಕೆ, ಅನ್ನ ಬೇಯಿಸಲು ಕೈಗೇ ದಾರಿ ಗೊತ್ತು, ಆದರೆ ಒಂದೂವರೆ ವರ್ಷದಿಂದ ಅಕ್ಷರಗಳು ಹೊಗೆಯೊಳಗೆ ನಿಂತಿವೆ, ಶಿಫಾ ಓದಿ ಹೇಳುತ್ತಾಳೆ ನಿಜ, ಅವಸರದಲ್ಲಿ, ನಡುವೆ ಸಾಲು ಹಾರಿಸಿ — ಹಾರಿಸಿದ್ದು ಸುಹರಾಳಿಗೆ ತಿಳಿಯುವುದಿಲ್ಲವೇ, ಒಂಬತ್ತನೆಯ ವಯಸ್ಸಿನಲ್ಲಿ ತಾನೂ ಹೀಗೇ ಹಾರಿಸುತ್ತಿದ್ದಳು, ಆಲಂಕಾರಿನ ಹತ್ತಿರದ ಆ ಜಗಲಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಐದು ಹೆಂಗಸರು, ತಂಬಾಕಿನ ಘಾಟು, ನಡುವೆ ಅವಳು ಹಳೆಯ ವಾರಪತ್ರಿಕೆ ಹಿಡಿದು, ಅವರಲ್ಲಿ ಯಾರಿಗೂ ಓದು ಬಾರದು, ನೆರೆಮನೆಯ ಆಸಿಯಮ್ಮನೇ ಹೇಳಿದ್ದು, ನೀನು ಓದು ಮಗಳೇ, ಕಥೆ ಕೇಳಿದ್ರೆ ಕೈ ಓಡ್ತದೆ, ನಿನ್ನ ಪಾಲಿನ ಬೀಡಿ ನಾವು ಕಟ್ಟುವ. ಅವಳಿಗದು ಎಲೆ ಕತ್ತರಿಸುವುದರಿಂದ ತಪ್ಪಿಸಿಕೊಳ್ಳುವ ಉಪಾಯ, ಅಷ್ಟೇ, ಆ ದಿನದವರೆಗೆ.

ಆ ದಿನ, ವಾರಪತ್ರಿಕೆಯ ಧಾರಾವಾಹಿಯಲ್ಲಿ ಕಾಣೆಯಾದ ಅಣ್ಣನನ್ನು ಹುಡುಕುವ ನರ್ಸು ದೋಣಿಯಿಂದ ಇಳಿದಳು, ನದಿಯ ದಡದಲ್ಲೇ ಕಾಗದ ಬಿಡಿಸಿದಳು, ಅದರಲ್ಲಿ ಹೀಗೆ ಬರೆದಿತ್ತು — ಸುಹರಾ ಪುಟ ಮಗುಚಿದರೆ ಮುಂದೆ ಜಾಹೀರಾತು, ನಡುವಿನ ಹಾಳೆಯೇ ಇಲ್ಲ, ಐದು ಜೊತೆ ಕೈಗಳು ನಿಂತವು. ಎಂತ ಬರೆದದ್ದು, ಓದು. ಹಾಳೆ ಇಲ್ಲ ಆಸಿಯಮ್ಮ. ಎಂತಾದ್ರೂ ಸೇರಿಸಿ ಹೇಳು ಮಾರಾಯ್ತಿ. ಹೇಳಬಹುದಿತ್ತು, ಆದರೆ ಅವಳಿಗೆ ಬರೆದದ್ದೇ ಬೇಕಿತ್ತು, ಅವಳು ಎದ್ದೇಬಿಟ್ಟಳು, ಚಪ್ಪಲಿ ಹಾಕಿದ್ದಳೋ ಇಲ್ಲವೋ, ಪತ್ರಿಕೆ ಕೊಡುತ್ತಿದ್ದ ಕುಂಞಿ ಮೋನುವಿನ ಅಂಗಡಿಯವರೆಗೆ ಓಟ, ಅವನು ತಕ್ಕಡಿಯ ಹಿಂದಿನಿಂದ, ಆ ಹಾಳೆಯಾ, ಅದ್ರಲ್ಲಿ ಬೆಲ್ಲ ಕಟ್ಟಿ ಪ್ರೇಮಾವತಿಯಕ್ಕನಿಗೆ ಕೊಟ್ಟೆನಲ್ಲ. ಮತ್ತೆ ಓಟ, ಗದ್ದೆಯ ಬದು, ಹಳ್ಳ ದಾಟುವ ಸಂಕ, ದಾರಿಯ ಗೌಡರ ಮನೆಯ ನಾಯಿ, ಪ್ರೇಮಾವತಿಯಕ್ಕ ಹಿತ್ತಿಲಿನಲ್ಲಿ ಬಚ್ಚಲೊಲೆಗೆ ಸೌದೆ ತುರುಕುತ್ತಿದ್ದರು. ಅಯ್ಯೋ ಮಗಾ, ಬೆಂಕಿ ಹಿಡಿಸ್ಲಿಕ್ಕೆ ಅದನ್ನೇ ಹಾಕಿದೆ ಈಗಷ್ಟೆ. ಸುಹರಾ ಒಲೆಯ ಬಾಯಿಯನ್ನೇ ನೋಡುತ್ತ ನಿಂತಳು, ಅಳು ಬಂದೇ ಬಂತು. ಆದ್ರೆ ಹಾಕುವ ಮೊದ್ಲು ಓದಿದ್ದೇನೆ, ಅಂದರು ಅವರು, ಅಕ್ಷರ ಇದ್ರೆ ಓದದೆ ಸುಡುದಿಲ್ಲ ನಾನು, ಆ ನರ್ಸಿನ ಅಣ್ಣ ಬದುಕಿದ್ದಾನಂತೆ, ಅದೇ ಕಾಗದದಲ್ಲಿ ಉಂಟು. ಅಣ್ಣ ಬದುಕಿದ್ದಾನೆ — ಸಂತೋಷವಾಗಬೇಕಿತ್ತು, ಆಯಿತೂ, ಆದರೂ ಹೊಟ್ಟೆ ತುಂಬಲಿಲ್ಲ. ಅದ್ರಲ್ಲಿ ಹೇಗೆ ಬರ್ದಿತ್ತು ಅಕ್ಕ, ಅದೇ ಮಾತಲ್ಲಿ ಹೇಳಿ. ಪ್ರೇಮಾವತಿಯಕ್ಕ ಊದುಕೊಳವೆ ಕೆಳಗಿಟ್ಟರು, ಅವಳ ಮುಖ ನೋಡಿದರು, ಓ ನೀನೂ ಹೀಗೆಯಾ ಅಂದು ನಕ್ಕು, ಮಸಿಕೈಯನ್ನು ಸೆರಗಿಗೆ ಒರೆಸುತ್ತ ಒಳಗೆ ಹೋಗಿ ರಟ್ಟು ಹೋದ ದಪ್ಪ ಪುಸ್ತಕವೊಂದನ್ನು ತಂದರು, ತಗೋ, ಇದ್ರಲ್ಲಿ ಒಂದು ಹಾಳೆಯೂ ಹೋಗ್ಲಿಲ್ಲ, ಮುಗಿದ ಮೇಲೆ ಬಾ, ಇನ್ನೂ ಉಂಟು. ಹಿಂದಿರುಗುವಾಗ ಅವಳು ನಡೆಯುತ್ತಲೇ ಓದಿದಳು, ಸಂಕದ ಮೇಲೂ ಓದಿದಳು, ಒಂದು ಸಾಲೂ ಹಾರಿಸದೆ, ಬದುವಿನಿಂದ ಜಾರಿ ಮೊಣಕಾಲವರೆಗೆ ಕೆಸರಿಗೆ ಬಿದ್ದಳು, ಪುಸ್ತಕವನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದು, ಕೆಸರಿನಲ್ಲೇ ನಿಂತು ಪುಟ ಮುಗಿಸಿದಳು, ಜಗಲಿಯಿಂದ ಆಸಿಯಮ್ಮ ಕೂಗುತ್ತಿದ್ದರು, ಎಂತ ಬರೆದದ್ದಂತೆ, ಆ ಕಾಗದದಲ್ಲಿ ಎಂತ ಉಂಟಂತೆ —

ಸುಹರಾ, ಒಳಗೆ ಬನ್ನಿ. ಶಿಫಾಳ ಕೈ, ಕುರ್ಚಿ, ಯಾರದೋ ತಣ್ಣನೆಯ ಬೆರಳು, ಪಟ್ಟಿ ಕೀಳುವಾಗ ಹುಬ್ಬು ಚುರ್ರೆಂದಿತು, ಬೆಳಕು, ನೀರು, ಮತ್ತೆ ಬೆಳಕು, ಡಾಕ್ಟರ ಸ್ವರ, ಮೆಲ್ಲ ತೆರೆಯಿರಿ, ಎದುರಿನ ಬೋರ್ಡಲ್ಲಿ ಕಾಣುವಷ್ಟು ಓದಿ. ರ, ಗ, ತ, ಕೆಳಗಿನ ಸಾಲು, ಅದರ ಕೆಳಗಿನದು, ಸಾಕಮ್ಮ ಅಂದರು ಡಾಕ್ಟರು, ಸಾಕಾಗಲಿಲ್ಲ, ಪಕ್ಕದ ಕ್ಯಾಲೆಂಡರು, ಬುಧವಾರ, ಗುರುವಾರ, ಯಾವುದೋ ಎಣ್ಣೆ ಗಿರಣಿಯ ಹೆಸರು, ಶಿಫಾ ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಬಾಗಿಲಿನ ಮೇಲಿನ ಬರಹ, ಚಪ್ಪಲಿಗಳನ್ನು ಹೊರಗೆ ಬಿಡಿ, ಚಪ್ಪಲಿಗಳನ್ನು, ಆ ಳ, ಅದರ ಸುರುಳಿ, ಅಂಚು ಕದಡದೆ, ಈಗಷ್ಟೇ ಬರೆದ ಹಾಗೆ ಕಪ್ಪಗೆ, ಒದ್ದೆ ಒದ್ದೆಯಾಗಿ, ಮುಂದಿನ ಅಕ್ಷರಕ್ಕೆ ಹೋಗಬೇಕು, ಕಣ್ಣು ಹೋಗುತ್ತಿಲ್ಲ, ಳ — ಳ —